ಕೆಂಪು ಬಳಿದ ಇಪ್ಪತ್ತನಾಲ್ಕು ಬುಷ್

2003ರ ಮೇ 12, ಸೋಮವಾರ. ಬೆಳಿಗ್ಗೆ 9.20ಕ್ಕೆ ಕೆ.ಆರ್. ಪುರಂ ಠಾಣೆಗೆ ಬಂದ ಶ್ರೀನಾಥ್, ಮಹದೇವಪುರದಲ್ಲಿ ವಿಮಾನದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದ ಮುಖ್ಯಸ್ಥರು. ಅಂಗಿ ಬೆವರಿ ಬೆನ್ನಿಗಂಟಿತ್ತು.

"ಇಪ್ಪತ್ನಾಲ್ಕು ಅಲ್ಯುಮಿನಿಯಂ ಬುಷ್, ರೆಕ್ಕೆ ಕೀಲಲ್ಲಿ ಕೂರೋ ಬಳೆಗಳು, ಕಳುವಾಗಿದೆ ಸಾರ್. ಶನಿವಾರ ರಿಜೆಕ್ಟ್ ಆಗಿದ್ವು. ಕೆಂಪು ಬಣ್ಣ ಬಳಿದು, ಕಂಬಿ ಗೂಡಿಗೆ ಹಾಕಿ ಬೀಗ ಹಾಕಿದ್ವಿ. ಇವತ್ತು ಕಡಿಸಿ ಹಾಕ್ಬೇಕಿತ್ತು."

"ಬೇಡವಾದ ಮಾಲಿಗೆ ಇಷ್ಟು ಗಾಬರಿನಾ?" ಇನ್‌ಸ್ಪೆಕ್ಟರ್ ಲಕ್ಷ್ಮಿಕಾಂತ ಕೇಳಿದರು.

"ಅದಕ್ಕೇ ಗಾಬರಿ. ಬಣ್ಣ ತೊಳೆದು ಒಳ್ಳೇದು ಅಂತ ಯಾರಾದ್ರೂ ಮಾರಿದ್ರೆ, ರೆಕ್ಕೆ ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಅದ್ರಲ್ಲಿ ಜನ ಹಾರ್ತಾರೆ ಸಾರ್."

ನೌಕರನದೇ ಕಳವೆಂಬ ಶಂಕೆಯಲ್ಲಿ ಐಪಿಸಿ 381ರಡಿ ಎಫ್‌ಐಆರ್ ದಾಖಲಾಯಿತು. 10.45ಕ್ಕೆ ಕಾರ್ಖಾನೆಯಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀಲಿ ಶ್ರೀನಾಥರ ಮೇಜಿನ ಖಾನೆಯಲ್ಲಿರುತ್ತದೆಂದು ಕಾರ್ಖಾನೆಗೆಲ್ಲ ಗೊತ್ತಿತ್ತು.

ಮಹದೇವಪುರದ ಸುತ್ತಲಿನ ಪ್ರದೇಶದ ಬಲವೇ ಲಕ್ಷ್ಮಿಕಾಂತರಿಗೆ ದಿಗಿಲು ಹುಟ್ಟಿಸಿತು. ಒಂದು ಓಣಿಯಲ್ಲಿ ಲೇತ್, ಇನ್ನೊಂದರಲ್ಲಿ ಲೇಪ, ಮತ್ತೊಂದರಲ್ಲಿ ಅಳತೆ. ವಿಮಾನದ ಯಾವ ಕೆಲಸಕ್ಕೂ ಐದು ಕಿಲೋಮೀಟರ್ ದಾಟಬೇಕಿಲ್ಲ. ಬೇರೆಡೆ ತಿಂಗಳು ಹಿಡಿಯುವುದು ಇಲ್ಲಿ ಸ್ಕೂಟರಿನ ಮೇಲೆ ಒಂದೇ ದಿನದಲ್ಲಿ ಮುಗಿಯುತ್ತದೆ. ಕೆಟ್ಟ ಮಾಲು ಒಳ್ಳೆಯದರ ವೇಷ ತೊಡುವುದಕ್ಕೂ ಅಷ್ಟೇ ಸಮಯ ಸಾಕು.

ಮಧ್ಯಾಹ್ನ ಒಂದಕ್ಕೆ ಹೆಡ್ ಕಾನ್ಸ್‌ಟೇಬಲ್ ಅಕ್ತರ್ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಜಾಲಾಡಿ ಕಾರ್ಖಾನೆಗೆ ಬಂದ.

"ಏನೂ ಇಲ್ಲ ಸಾರ್. ಕೆಂಪು ಬಳಿದ ಮಾಲ್ ಮುಟ್ಟಿದ್ರೆ ನಮ್ಮನ್ನೇ ಒಳಗೆ ಹಾಕ್ತೀರಲ್ಲ ಭಾಯ್ ಅಂತಾರೆ."

"ಬುಷ್ ಜೊತೆ ಇನ್ನೇನು ಹೋಗಿದೆ?" ಲಕ್ಷ್ಮಿಕಾಂತ ಶ್ರೀನಾಥರತ್ತ ತಿರುಗಿದರು.

"ಅಳತೆ ಹಾಳೆ. ರಿಜೆಕ್ಟ್ ಅಂತ ಬರೆದದ್ದು."

ಮಾರುವ ಕಳ್ಳನಿಗೆ, ಮಾಲು ಕೆಟ್ಟದ್ದೆಂದು ಸಾರುವ ಹಾಳೆ ಏಕೆ? ಅಳತೆಯೇ ತಪ್ಪಿದೆಯೆಂದು ಯಾರಿಗೋ ಅನ್ನಿಸಿರಬೇಕೆಂದು ಗುಲ್ಬರ್ಗದಲ್ಲಿ ಭೌತಶಾಸ್ತ್ರ ಓದಿದ್ದ ಲಕ್ಷ್ಮಿಕಾಂತರಿಗೆ ಹೊಳೆಯಿತು.

"ಶನಿವಾರ ಅಳತೆ ಕೋಣೆಯಲ್ಲಿ ಏಸಿ ಇತ್ತಾ?"

"ಕರೆಂಟ್ ಹೋಗಿತ್ತು."

"ಕೋಣೆ ಎಷ್ಟು ಡಿಗ್ರಿ?"

"ಇಪ್ಪತ್ತಿರ್ಬೇಕು..." ಶ್ರೀನಾಥ್ ತಡವರಿಸಿದರು. "ಮೂವತ್ತೊಂದಿತ್ತು."

ಬಿಸಿಗೆ ಅಲ್ಯುಮಿನಿಯಂ ಹಿಗ್ಗುತ್ತದೆ. ಹನ್ನೊಂದು ಡಿಗ್ರಿಗೆ ಹತ್ತಾರು ಮೈಕ್ರಾನ್. ಒಳ್ಳೆಯದನ್ನು ಕೆಟ್ಟದ್ದಾಗಿಸಲು ಅಷ್ಟೇ ಸಾಕು.

"ಲೇತ್‌ನಲ್ಲಿ ಮಾಡಿದ್ದು ಯಾರು?"

"ಮುನಿಆಂಜನಪ್ಪ. ಇಪ್ಪತ್ತಾರು ವರ್ಷದ ಸರ್ವಿಸು. ಇವತ್ತು ರಜಾ."

ಹೊರಗಿನವರ ಮಾಲನ್ನೂ ಇಪ್ಪತ್ತು ಡಿಗ್ರಿಯಲ್ಲಿಟ್ಟು ಅಳೆದುಕೊಡುವ ಹತ್ತಿರದ ಕೋಣೆ ಕಗ್ಗದಾಸಪುರದಲ್ಲಿತ್ತು. 3.10ಕ್ಕೆ ಬಾಗಿಲು ತೆರೆದ, ಅಲ್ಲಿ ಅಳೆಯುವ ಹುಡುಗಿ ಹಂಸ ಮೇ ತಿಂಗಳಲ್ಲೂ ಸ್ವೆಟರ್ ತೊಟ್ಟಿದ್ದಳು. ಒಳಗೆ ಕಲ್ಲಿನ ಮೇಜಿನ ಮೇಲೆ ಬುಷ್‌ಗಳು ಸಾಲಾಗಿ ನಿಂತಿದ್ದವು, ಕೆಂಪು ಬಣ್ಣದ ಸಮೇತ. ಅಕ್ತರ್ ಎರಡು ಸಲ ಎಣಿಸಿದ. "ಇಪ್ಪತ್ನಾಲ್ಕು! ಯಾ ಅಲ್ಲಾ, ಒಂದೂ ಆಚೆ ಹೋಗಿಲ್ಲ ಸಾರ್."

ಮೂಲೆಯ ಸ್ಟೂಲಿನಿಂದ ಮುನಿಆಂಜನಪ್ಪ ಎದ್ದು ನಿಂತ.

"ನೀವೇ ತಗೊಂಡಿದ್ದಾ?"

"ಹೂಂ ಸಾರ್. ಶನಿವಾರ ಸಂಜೇನೇ ತಂದಿಟ್ಟೆ. ಕಂಪ್ನಿಯೋರೇ ಕಳ್ಸಿದ್ದು ಅಂತ ಈ ಹುಡುಗಿಗೆ ಸುಳ್ಳು ಹೇಳ್ದೆ. ತಣ್ಣಗಾದ್ಮೇಲೆ ಅಳೀರಿ ಅಂತ ಫ್ಯಾಕ್ಟ್ರೀಲಿ ಮೂರು ಸಲ ಕೇಳ್ಕೊಂಡಿದ್ದೆ. ಮನೆ ಬಾಡಿಗೆ ಬರ್ತದಲ್ಲ ಆಂಜನಪ್ಪ, ನಿನಗ್ಯಾಕೆ ಟೆನ್ಷನ್ನು ಅಂತ ನಕ್ಕುಬಿಟ್ರು."

"ನಡೀರಿ."

"ಒಂದ್ನಿಮಿಷ ಸಾರ್. ಈ ಹುಡುಗಿ ಅಳತೆ ಓದ್ಬಿಡ್ಲಿ."

ಆಗಲಿ ಎಂದು ಲಕ್ಷ್ಮಿಕಾಂತ ತಲೆಯಾಡಿಸಿದರು.

"ಇಪ್ಪತ್ಮೂರು ಸರಿಯಾಗಿದೆ ಅಂಕಲ್," ಹೊಸ ಹಾಳೆಯಲ್ಲಿ ಬರೆಯುತ್ತ ಹಂಸ ಹೇಳಿದಳು. "ಹದಿನೇಳನೇದು ಮಾತ್ರ ನಾಲ್ಕು ಮೈಕ್ರಾನ್ ಜಾಸ್ತಿ."

ಮುನಿಆಂಜನಪ್ಪ ಅದೊಂದನ್ನೇ ದಿಟ್ಟಿಸಿದ. "ಊಟದ ಬೆಲ್ ಹೊಡೀತು, ಅವಸರ ಮಾಡ್ದೆ. ಅದು ನಂದೇ ತಪ್ಪು."

4.05ಕ್ಕೆ ಬಂಧನ. ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಅಪ್ಪನ ರಾಗಿ ಹೊಲದಲ್ಲಿ ಈಗ ಹನ್ನೊಂದು ಬಾಡಿಗೆ ಮನೆಗಳಿದ್ದವು. "ಅದೆಲ್ಲ ಅಪ್ಪಂದು ಸಾರ್. ನಾನು ಸಂಪಾದಿಸಿದ್ದು ಅಂತ ಇರೋದು ಈ ಕೈಕೆಲಸ ಒಂದೇ."

ಕಾರ್ಖಾನೆಯ ಕಣ್ಗಾವಲು ದಾಟಿ ಹೋದ ಬಿಡಿಭಾಗ ಮತ್ತೆ ವಿಮಾನಕ್ಕೆ ಸಲ್ಲುವುದಿಲ್ಲ. ಕೋರ್ಟಿನ ಕೆಲಸ ಮುಗಿದ ಮೇಲೆ ಇಪ್ಪತ್ತನಾಲ್ಕನ್ನೂ ಕಡಿಯುತ್ತಾರೆ ಎಂದು ಲಕ್ಷ್ಮಿಕಾಂತ ತಿಳಿಸಿದರು.

"ಕಡೀಲಿ ಬಿಡಿ ಸಾರ್," ಎಂದು ಮುನಿಆಂಜನಪ್ಪ ನಿಧಾನವಾಗಿ ಸಹಿ ಹಾಕಿದ. "ಇಪ್ಪತ್ಮೂರು ಸರಿಯಿದ್ವು ಅಂತ ಆ ಹುಡುಗಿ ಬರೆದ ಹಾಳೆ ಇದೆಯಲ್ಲ."