ನೂರಕ್ಕೆ ಐದು ಕಟ್ಟಿದರೆ ಸಾಕು

ಭಾವನ ಮುಷ್ಟಿಯಲ್ಲಿ ನನ್ನ ಕಾಲರ್. ನನ್ನ ಬೆನ್ನು ತಾರಸಿಯ ಮೋಟುಗೋಡೆಯ ಆಚೆಗೆ ಬಾಗಿತ್ತು. ಕೆಳಗೆ... ನಾಲ್ಕು ಮಹಡಿ!

"ನಾನು ಇಲ್ಲೇ ವಾಸ ಇದ್ದೀನಿ ಅಂತ ಬರಿ!"

"ಮೊದಲು ಕೈ ಬಿಡಿ ಭಾವ!"

"ಬಿಟ್ರೆ ಬೀಳ್ತೀಯ!"

ನನ್ನ ಕೆಲಸವೇ ಅಂಥದ್ದು. ಸಾಲ ಕೇಳಿದವರು ಹೇಳಿದ್ದೆಲ್ಲ ನಿಜವೇ ಅಂತ ಬ್ಯಾಂಕಿನ ಪರವಾಗಿ ಮನೆಗೆ ಹೋಗಿ ನೋಡುವುದು. ಅಕ್ಕನ ಗಂಡ ಎರಡನೇ ಮನೆಗೆ ಸಾಲ ಕೇಳಿದ್ದರು. ಮೊದಲನೆಯದನ್ನು ಕೊಂಡಾಗ ಬೆಲೆಯಲ್ಲಿ ನೂರಕ್ಕೆ ಐದು ಮಾತ್ರ ಕೈಯಿಂದ ಕಟ್ಟಿ, ಉಳಿದದ್ದಕ್ಕೆ ಸಾಲ ಮಾಡಿದ್ದರು. ಅಷ್ಟು ಕಡಿಮೆಗೆ ಕೊಡಲು ಬ್ಯಾಂಕಿನದು ಒಂದೇ ಷರತ್ತು... ಆ ಮನೆಯಲ್ಲಿ ಅವರೇ ವಾಸವಿರಬೇಕು.

ಅದನ್ನು ನೋಡಲೆಂದೇ ಇವತ್ತು ಆ ಮನೆಗೆ ಬಂದಿದ್ದೆ. "ಬಚ್ಚಲಿನ ಲೈಟ್ ಹಾಕಿ ಭಾವ" ಅಂದೆ, ಅಷ್ಟೇ. ಒಂದು ಸ್ವಿಚ್ ಒತ್ತಿದರು. ಹಾಲಿನ ಫ್ಯಾನ್ ತಿರುಗಿತು. ಇನ್ನೊಂದು ಒತ್ತಿದರು. ಅಡುಗೆಮನೆಯಲ್ಲಿ ಬೆಳಕಾಯಿತು. ಕೋಣೆಯೊಳಗೆ ಅಡಗಿದ್ದ ಬಾಡಿಗೆದಾರನ ಹೆಂಡತಿ ತಡೆಯಲಾರದೆ ಕೂಗಿದಳು.

"ಅದಲ್ಲ ಸಾರ್, ಬಾಗಿಲ ಹಿಂದಿಂದು!"

ಭಾವ ನನ್ನ ಫೈಲ್ ಕಿತ್ತುಕೊಂಡು ತಾರಸಿಯ ಮೆಟ್ಟಿಲು ಹತ್ತಿ ಓಡಿದರು. ಎದ್ದೆನೋ ಬಿದ್ದೆನೋ ಎಂದು ಹಿಂದೆ ಓಡಿದೆ. ಹಿಡಿಯಹೋದವನು ನಾನು. ಸಿಕ್ಕಿಬಿದ್ದವನೂ ನಾನೇ!

"ಬರೆದರೂ ಸಾಲ ಹುಟ್ಟಲ್ಲ ಭಾವ! ಮೊದಲ ಮನೆ ಪೂರ್ತಿ ಸಾಲದಲ್ಲಿದೆ. ಅರ್ಧ ಸಂಬಳ ಕಂತಿಗೇ ಹೋಗ್ತಿದೆ. ಅದನ್ನ ಮಾರಿದ್ರೂ ಕೈಗೆ ಬಿಡಿಗಾಸು ಉಳಿಯಲ್ಲ. ಇನ್ನೊಂದು ಸಾಲ ಯಾವ ಧೈರ್ಯದ ಮೇಲೆ ಕೊಡ್ತಾರೆ?"

"ಐದು ಕಟ್ಟಿದ್ರೆ ಸಾಕು, ಬಾಡಿಗೆಗೆ ಬಿಡಿ, ಯಾರೂ ಬಂದು ನೋಡಲ್ಲ, ಎರಡು ವರ್ಷಕ್ಕೆ ಇನ್ನೊಂದು ಕೊಳ್ಳಿ... ಅಂದೋನು ಯಾರೋ?"

ನಾನೇ!

ಆಗ ನಾನು ಲೋನ್ ಏಜೆಂಟ್. ಕಮಿಷನ್ ಜೇಬಿಗಿಳಿಸಿದ್ದೆ. ಈಗ ಈ ಫೈಲನ್ನು ಕೇಳಿ ಪಡೆದದ್ದೂ ಭಾವನನ್ನು ಉಳಿಸಲಿಕ್ಕಲ್ಲ... ಹಳೇ ಅರ್ಜಿಯ ಮೇಲಿನ ನನ್ನ ಸಹಿ ಯಾರ ಕಣ್ಣಿಗೂ ಬೀಳದಿರಲೆಂದು. ಥೂ! ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಎರಡನೇ ಮನೆಗೆ ಮುಂಗಡ ಕೊಡೋಕೆ ನಿಮ್ಮಕ್ಕ ಟೈಲರಿಂಗ್ ಅಂಗಡಿ ಮಾರಿದ್ಲು ಕಣೋ. ಸೋಮವಾರದೊಳಗೆ ಬಾಕಿ ಕಟ್ಟದಿದ್ರೆ ಆ ಮುಂಗಡವೂ ಹೋಯ್ತು."

ಭಾವನ ದನಿ ಒಡೆಯಿತು. ನನ್ನನ್ನು ಈಚೆಗೆಳೆದು ಬಿಟ್ಟು, ಮುಖ ಮುಚ್ಚಿಕೊಂಡು ಅಲ್ಲೇ ಕುಸಿದರು.

ಫೈಲ್ ತೆಗೆದುಕೊಂಡೆ. 'ವಾಸವಿಲ್ಲ' ಎಂದು ಬರೆದೆ. ಅದರ ಕೆಳಗೆ, 'ಹೀಗೆ ಮಾಡಲು ಸಲಹೆ ಕೊಟ್ಟ ಏಜೆಂಟ್ ನಾನೇ' ಎಂದೂ ಬರೆದೆ. ನೌಕರಿ ಅಲ್ಲಿಗೆ ಮುಗಿಯಿತು.

ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ... ಸಾಲ ಸಿಗಲ್ಲ. ಅಂಗಡಿ ದುಡ್ಡೂ ಹೋಯ್ತು. ಎಲ್ಲಾ ನನ್ನಿಂದ."



"ಇಬ್ಬರೂ ಊಟಕ್ಕೆ ಬನ್ನಿ" ಅಂದಳು ಅಕ್ಕ.

ಬೈದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ!