ದೋಣಿ ಹೊರಟಿದೆ

ಕತ್ತಿನ ಮೇಲೆ ತಣ್ಣಗೆ ಏನೋ ಕೂತಿತು.

ಚಾಕು!

ಎಂಬತ್ತರ ವೇಗದಲ್ಲಿ ಕಾರು ಓಡಿಸುತ್ತಿರುವವನ ಕತ್ತಿಗೆ ಹಿಂದಿನ ಸೀಟಿನಿಂದ ಚಾಕು ಹಿಡಿಯುವುದು ಬುದ್ಧಿವಂತರ ಲಕ್ಷಣವಲ್ಲ. ಆದರೆ ಆ ಹೆಂಗಸು ಹದಿನಾಲ್ಕು ವರ್ಷ ಬಂದರಿನ ಕಾರ್ಖಾನೆಯಲ್ಲಿ ಸಾರ್ಡೀನ್ ಮೀನು ಸೀಳಿದವಳು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ.

"ಪಾರ್ಲಿಮೆಂಟ್ ಎಡಕ್ಕೆ," ಅಂದಳು. "ನೀನು ಬಲಕ್ಕೆ ತಿರುಗಿಸಿದೆ. ಎರಡು ಸಲ."

"ಟ್ರಾಮ್ ಕೆಲಸ ನಡೀತಿದೆ ಲಲ್ಲಾ… ರಸ್ತೆ ಬಂದ್." ಲಲ್ಲಾ ಅಂದರೆ ನಮ್ಮಲ್ಲಿ ಅಮ್ಮಾವ್ರೇ ಅಂತ.

"ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗುತ್ತೆ. ಹಿಂದೆ ಕೂತವರಿಗೆ ಚೆನ್ನಾಗಿ ಕಾಣುತ್ತೆ."

ಹನ್ನೆರಡು ವರ್ಷದಿಂದ ಸುಳ್ಳು ಹೇಳಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಇದನ್ನು ಯಾರೂ ಹೇಳಿರಲಿಲ್ಲ.

ಅವಳ ಹೆಸರು ತೌದಾ. ಮರ್ಸಾ ಸಗೀರ್ ಅನ್ನುವ ಮೀನುಗಾರರ ಬಂದರಿನಿಂದ ಗೆದ್ದು ಬಂದ ಸದಸ್ಯೆ. ಮಧ್ಯಾಹ್ನದ ರೈಲಿನಿಂದ ಇಳಿದಾಗ ನಾನು ಪಾರ್ಲಿಮೆಂಟಿನ ಮುದ್ರೆ ಇದ್ದ ಫಲಕ ಹಿಡಿದು ನಿಂತಿದ್ದೆ. "ಹಮೀದ್, ಡ್ರೈವರ್," ಅಂದೆ. ನಂಬಿ ಹತ್ತಿದಳು.

ನಾನು ಹಮೀದನೂ ಅಲ್ಲ, ಡ್ರೈವರನೂ ಅಲ್ಲ.

ವಿದೇಶಾಂಗ ಮಂತ್ರಿ ಬರ್ರಾದಾ ಅವರ ಕಚೇರಿಯ ಆಳು ನಾನು. ಕೆಲಸ ಎರಡು. ಸಭೆಯಲ್ಲಿ ಮಂತ್ರಿಗಳು ಓದುವ ಉತ್ತರ ಬರೆಯುವುದು ಒಂದು. ಉತ್ತರ ಕೊಡಲಾಗದ ಪ್ರಶ್ನೆ ಸಭೆಗೇ ಬರದಂತೆ ನೋಡಿಕೊಳ್ಳುವುದು ಇನ್ನೊಂದು.

ಎರಡನೆಯದು ಸುಲಭ. ನಮ್ಮಲ್ಲಿ ಒಂದು ನಿಯಮ ಇದೆ. ಪ್ರಶ್ನೆ ಬಂದಾಗ ಅಧ್ಯಕ್ಷರು ಸದಸ್ಯರ ಹೆಸರನ್ನು ಮೂರು ಸಲ ಕೂಗುತ್ತಾರೆ. ಕುರ್ಚಿ ಖಾಲಿ ಇದ್ದರೆ ಪ್ರಶ್ನೆ ಬಿತ್ತು! ಅದರಲ್ಲೂ ಅವತ್ತು ಮಂಗಳವಾರ, ಕೊನೆಯ ಬೈಠಕ್. ಅದು ಮುಗಿದರೆ ಸಭೆ ವಿಸರ್ಜನೆ, ಆಮೇಲೆ ಚುನಾವಣೆ. ಅವತ್ತು ಬಿದ್ದ ಪ್ರಶ್ನೆ ಮತ್ತೆ ಏಳುವುದಿಲ್ಲ.

ಅವಳದ್ದು ಆರನೇ ಪ್ರಶ್ನೆ.

ಕಾರಿನ ರೇಡಿಯೋದಲ್ಲಿ ಸಭೆಯ ನೇರ ಪ್ರಸಾರ ಬರುತ್ತಿತ್ತು. ಆಗಿನ್ನೂ ಮೂರನೆಯದು. ಗಡಿಯಲ್ಲಿ ಟೊಮೆಟೊ ಲಾರಿ ಕೊಳೆಯುತ್ತಿರುವ ವಿಚಾರ.

"ಸನ್ಮಾನ್ಯ ಸದಸ್ಯರ ಕಳಕಳಿ ನನಗೆ ಅರ್ಥವಾಗುತ್ತದೆ…"

ಬರ್ರಾದಾ ಅವರ ದನಿ. ಹೃದಯ ತುಂಬಿ ಬಂದವರ ಹಾಗೆ ಮಾತಾಡುತ್ತಾರೆ. ಬಾಯಿ ಅವರದು, ಮಾತು ನನ್ನದು. ಆ 'ಕಳಕಳಿ' ಸೋಮವಾರ ಬೆಳಿಗ್ಗೆ ಎರಡನೇ ಕಾಫಿ ಕುಡಿಯುತ್ತಾ ನಾನೇ ಬರೆದದ್ದು.

"ಕಾರು ತಿರುಗಿಸು," ಅಂದಳು ತೌದಾ.

"ತಿರುಗಿಸಿದ್ರೆ ಹಿಂದಿರೋ ಕರಿ ಕಾರಿನವನು ಸುಮ್ನೆ ಬಿಡಲ್ಲ."

ಅವಳು ಹಿಂದಕ್ಕೆ ನೋಡಿದಳು. ಕರಿ ಕಾರಿನಲ್ಲಿ ಘಾಲಿ ಇದ್ದ. ಮಂತ್ರಿಗಳ ಅಂಗರಕ್ಷಕ. ನಾನು ಅವಳನ್ನು ಕಾದರೆ, ಅವನು ನನ್ನನ್ನು ಕಾಯುತ್ತಿದ್ದ.

"ಹಾಗಾದ್ರೆ ನೀನು ಅವರ ಕಡೆಯವನೇ…" ಚಾಕು ಒಂದು ಕೂದಲಿನಷ್ಟು ಒಳಗಿಳಿಯಿತು. "ನನ್ನ ಪ್ರಶ್ನೆ ಏನು ಅಂತಾದ್ರೂ ಗೊತ್ತಾ ನಿನಗೆ?"

ಗೊತ್ತಿತ್ತು! ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡು ವರ್ಷದ ಹಿಂದೆ 'ನಜ್ಮಾ' ಅನ್ನುವ ಮೀನುದೋಣಿ ಒಂಬತ್ತು ಜನರ ಸಮೇತ ಮುಳುಗಿತು. ಅದರ ಯಜಮಾನ ಮಯ್ಮೂನ್, ಇವಳ ತಮ್ಮ. ಭಾನುವಾರ ಎಂಜಿನ್ ಕೆಟ್ಟಿತು. ಅಲೆ ದೋಣಿಯನ್ನು ನೆರೆ ದೇಶದ ನೀರಿಗೆ ತಳ್ಳಿತು. ಮಯ್ಮೂನ್ ನಮ್ಮ ಕಚೇರಿಯ ತುರ್ತು ನಂಬರಿಗೆ ಫೋನ್ ಮಾಡಿದ. ಆದರೆ ಅದೇ ಗುರುವಾರ ಆ ದೇಶದ ಜೊತೆ ಮೀನುಗಾರಿಕೆ ಒಪ್ಪಂದಕ್ಕೆ ಸಹಿ ಬೀಳಬೇಕಿತ್ತು. ನಮ್ಮ ದೋಣಿ ನಿಮ್ಮ ಗಡಿ ದಾಟಿದೆ, ಕಾಪಾಡಿ ಅಂತ ಆ ವಾರ ಕೇಳುವ ಹಾಗಿರಲಿಲ್ಲ.

"ಗುರುವಾರದವರೆಗೆ ಸುಮ್ಮನಿರಿಸು," ಅಂದರು ಬರ್ರಾದಾ.

ಬುಧವಾರ ಬ್ಯಾಟರಿ ಸತ್ತಿತು. ಗುರುವಾರ ಸಹಿ ಬಿತ್ತು. ಶುಕ್ರವಾರ ಹುಡುಕಲು ದೋಣಿಯೇ ಇರಲಿಲ್ಲ.

ಆಮೇಲೆ ಮಂತ್ರಿಗಳು ಸಭೆಗೆ ಹೇಳಿದ್ದು ಒಂದೇ ಮಾತು. ಯಾವ ಕರೆಯೂ ಬಂದಿಲ್ಲ. ಕರೆ ಬರದಿದ್ದರೆ ಆ ಒಂಬತ್ತು ಜನ ಅಲ್ಲಿಗೆ ಯಾಕೆ ಹೋದರು? ಕಳ್ಳಸಾಗಣೆಗೆ! ಹಾಗಂತ ಕಡತದಲ್ಲಿ ದಾಖಲಾಯಿತು. ಸತ್ತವರಿಗೆ ಮರಣಪತ್ರವೂ ಇಲ್ಲ, ಮಾನವೂ ಇಲ್ಲ. ಕರೆ ಬಂದಿತ್ತೋ ಇಲ್ಲವೋ ಅನ್ನುವುದೇ ತೌದಾಳ ಪ್ರಶ್ನೆ. ಅದನ್ನು ಕೇಳಲೆಂದೇ ಅವಳು ಉಪಚುನಾವಣೆಗೆ ನಿಂತು ಗೆದ್ದಿದ್ದಳು.

"ನೆಟ್ಟಗೆ ಓಡಿಸು. ಇದನ್ನ ಕೇಳು," ಅಂದಳು. ಎಡಗೈಯಲ್ಲಿ ಫೋನು ತೆಗೆದು ನನ್ನ ಕಿವಿಗೇ ಹಿಡಿದಳು. "ನನ್ನ ತಮ್ಮ ಕಳಿಸಿದ ಕೊನೇ ಮಾತು."

ಮೊದಲು ಬಂದದ್ದು ನೀರಿನ ಸದ್ದು. ಚಳಕ್… ಚಳಕ್… ಮರದ ಹಲಗೆಗೆ ನೀರು ಬಡಿಯುವ ಸದ್ದು.

ಎರಡು ವರ್ಷದಿಂದ ಆ ಸದ್ದು ನನ್ನ ಬೆನ್ನು ಬಿಟ್ಟಿಲ್ಲ. ಗ್ಲಾಸಿಗೆ ಪುದೀನ ಚಹಾ ಸುರಿದರೂ ಅದೇ ಕೇಳುತ್ತದೆ. ಅದಕ್ಕೇ ಚಹಾ ಬಿಟ್ಟೆ, ಕಾಫಿ ಹಿಡಿದೆ.

ಆಮೇಲೆ ಅವನ ದನಿ ಬಂತು. "ಅಕ್ಕಾ… ಗಾಬರಿ ಆಗ್ಬೇಡ. ಆ ದಡದ ಗೋಪುರ ಕಾಣ್ತಿದೆ. ಮಂತ್ರಿಗಳ ಕಚೇರೀಲಿ ಸೆಲ್ಲಾಮ್ ಅಂತ ಒಬ್ಬ ಸಿಕ್ಕಿದ್ದಾನೆ. ಒಳ್ಳೆಯವನು. ಎಷ್ಟು ಸಲ ಮಾಡಿದ್ರೂ ಬೇಜಾರಿಲ್ದೆ ಮಾತಾಡ್ತಾನೆ. ದೋಣಿ ಹೊರಟಿದೆಯಂತೆ. ಬ್ಯಾಟರಿ ಉಳಿಸು, ಬೇರೆ ಯಾರಿಗೂ ಹೇಳ್ಬೇಡ, ಕೆಲಸ ಕೆಡುತ್ತೆ ಅಂದ. ನೀನೂ ಸುಮ್ನಿರು. ದೇವರು ಅವನನ್ನ ಚೆನ್ನಾಗಿಟ್ಟಿರಲಿ…"

ಸೆಲ್ಲಾಮ್.

ನನ್ನ ಹೆಸರು.

ಹನ್ನೊಂದು ಕರೆ. ಹನ್ನೊಂದನ್ನೂ ಎತ್ತಿದವನು ನಾನೇ. 'ದೋಣಿ ಹೊರಟಿದೆ' ಅಂದವನೂ ನಾನೇ. ಯಾವ ದೋಣಿಯೂ ಹೊರಟಿರಲಿಲ್ಲ! ಆಮೇಲೆ ತೌದಾ ಪತ್ರ ಬರೆದು ಕೇಳಿದಾಗ 'ಸೆಲ್ಲಾಮ್ ಎಂಬ ನೌಕರ ನಮ್ಮಲ್ಲಿಲ್ಲ' ಅಂತ ಉತ್ತರ ಬರೆದವನೂ ನಾನೇ. ಅವನ ಈ ಮಾತನ್ನು ಅವಳ ಆ ಪತ್ರದಲ್ಲಿ ಓದಿದ್ದೆ. ಕಿವಿಯಾರೆ ಕೇಳಿರಲಿಲ್ಲ.

"ಆ ಸೆಲ್ಲಾಮನನ್ನ ಎರಡು ವರ್ಷದಿಂದ ಹುಡುಕ್ತಿದ್ದೀನಿ," ಅಂದಳು. "ಪಾಪ, ಅವನ ಬಾಯಿ ಮುಚ್ಚಿಸಿರ್ತಾರೆ. ಇಲ್ಲಾ ಎಲ್ಲಿಗಾದ್ರೂ ಎತ್ತಂಗಡಿ ಮಾಡಿರ್ತಾರೆ. ಸಿಕ್ಕಿದ್ರೆ ಒಂದು ಮಾತು ಹೇಳಬೇಕು ಅವನಿಗೆ."

"ಏನು ಹೇಳ್ತೀರಿ?"

"ಕೊನೇ ಗಳಿಗೇಲಿ ನನ್ನ ತಮ್ಮನ ಜೊತೆ ಮನುಷ್ಯರ ಹಾಗೆ ಮಾತಾಡಿದೆಯಲ್ಲಪ್ಪಾ, ನಿನ್ನ ಋಣ ದೊಡ್ಡದು ಅಂತ."

ಆ ಚಾಕುವನ್ನು ಅವಳು ಅಲ್ಲೇ ಒತ್ತಿಬಿಟ್ಟಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗಿರುತ್ತಿತ್ತು.

ರೇಡಿಯೋದಲ್ಲಿ ನಾಲ್ಕನೇ ಪ್ರಶ್ನೆ ಶುರುವಾಯಿತು. ರೊಟ್ಟಿ ಹಿಟ್ಟಿನ ಬೆಲೆ. "ಗೋಧಿ ಹಡಗಿನಲ್ಲಿ ಬರುತ್ತದೆ, ಆದ್ದರಿಂದ ಅರ್ಧ ಪ್ರಶ್ನೆ ನನ್ನದು. ಹಿಟ್ಟಾದ ಮೇಲೆ ವಾಣಿಜ್ಯ ಮಂತ್ರಿಗಳದು!" ಸಭೆ ನಕ್ಕಿತು. ಆ ನಗೆಹನಿಯೂ ನನ್ನದೇ. ಮುಂದೆ ಗೋಧಿಯ ಲೆಕ್ಕ ಬರಬೇಕು, ಅದೊಂದು ಎರಡು ಪುಟ ಇದೆ. ಐದನೆಯದು ದೂತಾವಾಸಗಳ ಮುಂದಿನ ಸರತಿ ಸಾಲಿನ ಕುರಿತು, ಅದಕ್ಕೂ ಎರಡು ಪುಟ.

ಕೈಯಲ್ಲಿ ಹನ್ನೆರಡು ನಿಮಿಷ ಇತ್ತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಲಲ್ಲಾ."

"ಯಾಕೆ?"

ಹೇಳಲಿಲ್ಲ. ಸ್ಟೀರಿಂಗ್ ಪೂರ್ತಿ ಎಡಕ್ಕೆ ಎಳೆದೆ!

ಟೈರು ಕಿರುಚಿತು. ಎದುರಿಗೆ ಬಂದ ಟ್ರಾಮ್ ಗಂಟೆ ಬಾರಿಸಿತು. ಅದರ ಮೂತಿ ನಮ್ಮ ಬಾಗಿಲಿಗೆ ಒಂದು ಗೇಣು ಉಳಿದಿತ್ತು… ದಾಟಿದೆ. ಘಾಲಿ ಆ ಕಡೆ ಸಿಕ್ಕಿಬಿದ್ದ. ಟ್ರಾಮಿನ ಉದ್ದಕ್ಕೂ ಅವನ ಹಾರ್ನು ಕೇಳಿಸುತ್ತಿತ್ತು.

ಫೋನು ಗಡಗಡ ನಡುಗಿತು. ನನ್ನ ಫೋನಿಗೆ ಸದ್ದಿಲ್ಲ. ಎರಡು ವರ್ಷದಿಂದ ಇಟ್ಟಿಲ್ಲ.

"ಏನೋ ಇದು ಆಟ!" ಘಾಲಿ ಕಿರುಚಿದ.

"ಕತ್ತಿಗೆ ಚಾಕು ಹಿಡಿದಿದ್ದಾಳೆ ಖೂಯಾ… ಏನು ಮಾಡ್ಲಿ?"

"ಕತ್ತು ಕೊಡು! ಅವಳನ್ನ ಬಿಡಬೇಡ!"

ಖೂಯಾ ಅಂದರೆ ಅಣ್ಣಾ ಅಂತ. ನೋಡಿ, ಎಂಥ ಅಣ್ಣ!

ಮೀನು ಮಾರುಕಟ್ಟೆಯ ಹಿಂದಿನ ಓಣಿಗೆ ನುಗ್ಗಿದೆ. ಐಸ್ ಪೆಟ್ಟಿಗೆ ಹಾರಿತು, ಯಾರೋ ನನ್ನ ಅಪ್ಪನ ಸಮೇತ ಬೈದರು. ಹಿಂದಿನ ಸೀಟಿನಲ್ಲಿ ತೌದಾ ಚಾಕು ಇಳಿಸಿದ್ದಳು.

"ಯಾಕೆ ಮನಸ್ಸು ಬದಲಾಯಿಸಿದೆ?"

"ಕಿವಿ ಕೆಂಪಾಗೋದು ಸಾಕಾಯ್ತು."

ಕನ್ನಡಿಯಲ್ಲಿ ಕರಿ ಕಾರು ಮತ್ತೆ ಕಾಣಿಸಿತು. ಡಬ್! ಒಂದು ಗುದ್ದು. ಹಿಂದಿನ ಗಾಜು ಪುಡಿಯಾಗಿ ಅವಳ ಮಡಿಲಿಗೆ ಬಿತ್ತು. ಡಬ್! ಇನ್ನೊಂದು. ಕಾರು ಅಡ್ಡಲಾಗಿ ಜಾರಿ ಪಾರ್ಲಿಮೆಂಟಿನ ಗೇಟಿನ ಎದುರಿಗೇ ನಿಂತಿತು. ಗುದ್ದಿದ್ದಕ್ಕೆ ಘಾಲಿಗೆ ಥ್ಯಾಂಕ್ಸ್ ಹೇಳಬೇಕು, ಬ್ರೇಕ್ ಹಾಕುವ ಕೆಲಸ ಉಳಿಯಿತು.

"ಓಡಿ!" ಅಂದೆ.

ಓಡಿದಳು. ಗೇಟಿನವರು ಸದಸ್ಯೆಯನ್ನು ಬಿಟ್ಟರು. ನನ್ನ ಪಾಸು ನೋಡಿ ನನ್ನನ್ನೂ ಬಿಟ್ಟರು. ಅವಳು ಬಲಕ್ಕೆ, ಸದಸ್ಯರ ಬಾಗಿಲಿಗೆ. ನಾನು ಎಡಕ್ಕೆ, ಅಧಿಕಾರಿಗಳ ಬಾಗಿಲಿಗೆ.

ಒಳಗೆ ಅಧ್ಯಕ್ಷರು ಕೂಗುತ್ತಿದ್ದರು. "ಆರನೇ ಪ್ರಶ್ನೆ. ಸದಸ್ಯೆ ತೌದಾ… ಸದಸ್ಯೆ ತೌದಾ…"

"ಇದ್ದೀನಿ!"

ಏದುಸಿರು ಬಿಡುತ್ತಾ ಕುರ್ಚಿ ಹಿಡಿದು ನಿಂತಿದ್ದಳು. ತಲೆಯ ಬಟ್ಟೆಯ ತುಂಬ ಗಾಜಿನ ಪುಡಿ.

ಮಂತ್ರಿಗಳ ಬೆನ್ನ ಹಿಂದೆ ಅಧಿಕಾರಿಗಳಿಗೆ ಒಂದು ಬೆಂಚು ಇದೆ. ಅದರ ಮೊದಲ ಜಾಗ ಚೀಟಿ ಬರೆಯುವವನದು. ಅಂದರೆ ನನ್ನದು. ಅವತ್ತು ಬೇರೊಬ್ಬ ಕೂತಿದ್ದ. "ಏಳು," ಅಂದೆ. ಎದ್ದ.

ಇಲ್ಲೊಂದು ಮಾತು ಹೇಳಬೇಕು. ಉಪಪ್ರಶ್ನೆ ಬಂದು ಉತ್ತರ ತೋಚದಿದ್ದರೆ ಬರ್ರಾದಾ ತಿರುಗಿ ನೋಡುವುದಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚುತ್ತಾರೆ. ನಾನು ಚೀಟಿ ಇಡುತ್ತೇನೆ. ಅವರು ಮೊದಲು ಓದುತ್ತಾರೆ, ಆಮೇಲೆ ಯೋಚಿಸುತ್ತಾರೆ. ಒಮ್ಮೆ 'ನಿಮ್ಮ ಶರಟಿನ ಗುಂಡಿ ಬಿಚ್ಚಿದೆ' ಅಂತ ಬರೆದು ಕೊಟ್ಟಿದ್ದೆ. ಸಭೆಗೇ ಓದಿ ಹೇಳಿದ್ದರು!

"ಆ ನಾಲ್ಕು ದಿನ ನಿಮ್ಮ ಕಚೇರಿಗೆ 'ನಜ್ಮಾ'ದಿಂದ ಕರೆ ಬಂದಿತ್ತಾ, ಇಲ್ವಾ?" ಕೇಳಿದಳು ತೌದಾ.

ಮಂತ್ರಿಗಳು ಕಡತ ಬಿಡಿಸಿದರು. ಅಕಸ್ಮಾತ್ ಅವಳು ಬಂದೇಬಿಟ್ಟರೆ ಅಂತ ನಾನೇ ಬರೆದಿಟ್ಟಿದ್ದ ಉತ್ತರ. "ಅಗಲಿದವರಿಗಾಗಿ ನನ್ನ ಮನಸ್ಸು ಮಿಡಿಯುತ್ತದೆ. ಆದರೆ ಯಾವ ಕರೆಯೂ ಬಂದಿಲ್ಲ."

"ಉಪಪ್ರಶ್ನೆ," ಅಂದಳು. ಫೋನನ್ನು ಮೈಕಿಗೆ ಹಿಡಿದಳು.

ಚಳಕ್… ಚಳಕ್…

ಇಡೀ ಸಭೆಗೆ ನೀರಿನ ಸದ್ದು ಕೇಳಿತು. ಅವತ್ತು ಮೊದಲ ಸಲ ಅದು ನನ್ನೊಬ್ಬನ ಕಿವಿಯಲ್ಲಿರಲಿಲ್ಲ. ಮಯ್ಮೂನ್ ಮಾತಾಡಿದ. ದೇವರು ಅವನನ್ನ ಚೆನ್ನಾಗಿಟ್ಟಿರಲಿ ಅಂದ.

"ಆ ಸೆಲ್ಲಾಮ್ ನಿಮ್ಮಲ್ಲಿ ಇದ್ದಾನಾ, ಇಲ್ವಾ? ಒಂದೇ ಮಾತು ಸಾಕು."

ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು. ಘಾಲಿ! ಮೂಗಿನಿಂದ ರಕ್ತ ಸುರಿಯುತ್ತಿತ್ತು. "ಎದ್ದೇಳು," ಅಂತ ಪಿಸುಗುಟ್ಟಿದ.

ಅಷ್ಟರಲ್ಲಿ ಮಂತ್ರಿಗಳ ಕೈ ಹಿಂದಕ್ಕೆ ಚಾಚಿತು.

ಟಿವಿ ಕ್ಯಾಮರಾ ನಮ್ಮ ಕಡೆಗೇ ಇತ್ತು. ಘಾಲಿಯ ಕೈ ಸಡಿಲವಾಯಿತು. ಬರೆದೆ. ಎರಡೇ ಸಾಲು. ಅಕ್ಷರ ನೆಟ್ಟಗೆ ಬಂತು. ಚೀಟಿಯನ್ನು ಆ ಅಂಗೈಯಲ್ಲಿಟ್ಟೆ.

ಬರ್ರಾದಾ ಕನ್ನಡಕ ಸರಿಮಾಡಿಕೊಂಡರು. ಹೃದಯ ತುಂಬಿದ ದನಿಯಲ್ಲಿ ಓದಿದರು. "ಸೆಲ್ಲಾಮ್ ನನ್ನ ಕಚೇರಿಯವನೇ. ಹನ್ನೊಂದು ಕರೆಗಳನ್ನೂ…"

ನಿಂತರು.

ಆಮೇಲೆ ಯೋಚಿಸಿದರು.

ನಿಧಾನಕ್ಕೆ ತಿರುಗಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಸಭೆಯಲ್ಲಿ ನನ್ನ ಮುಖ ನೋಡಿದರು. ಮೈಕು ಇನ್ನೂ ಆನ್ ಆಗಿಯೇ ಇತ್ತು.

"ಸೆಲ್ಲಾಮ್… ಏನೋ ಇದು?"

ಇಡೀ ದೇಶಕ್ಕೆ ಕೇಳಿತು!

ಗದ್ದಲ ಎದ್ದಿತು. ಅಧ್ಯಕ್ಷರು ಗಂಟೆ ಬಾರಿಸಿದರು, ಕಡತಗಳು ಹಾರಿದವು. ಆ ಗದ್ದಲದ ನಡುವೆ ಒಬ್ಬಳು ಮಾತ್ರ ಕದಲದೆ ನಿಂತಿದ್ದಳು. ಹಮೀದನನ್ನು ನೋಡುತ್ತಿದ್ದಳು.

ಮೊಗಸಾಲೆಯಲ್ಲಿ ಎದುರಾದಳು. ಘಾಲಿಯೂ ಎರಡು ಹೆಜ್ಜೆ ಹಿಂದೆ ಸರಿದ.

"ದೋಣಿ ಹೊರಟಿತ್ತಾ?"

"ಇಲ್ಲ."

"ಕೊನೇ ದಿನಾನಾದ್ರೂ…?"

"ಇಲ್ಲ ಲಲ್ಲಾ."

ನನ್ನ ಕಿವಿ ನೋಡಿದಳು. ಕೆಂಪಾಗಿರಲಿಲ್ಲ ಅನ್ನಿಸುತ್ತದೆ. ಕೂಗಲಿಲ್ಲ, ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನಾಲ್ಕು ದಿನ ನಾನು ಯಾರಿಗೂ ಹೇಳಲಿಲ್ಲ," ಅಂದಳು. "ಬಂದರಿನಲ್ಲಿ ಇಪ್ಪತ್ತು ದೋಣಿ ನಿಂತಿದ್ವು. ಒಂದು ಕೂಗು ಹಾಕಿದ್ರೆ ಎಲ್ಲಾ ಹೊರಡ್ತಿದ್ವು. ಕೆಲಸ ಕೆಡುತ್ತೆ ಅಂತ ಸುಮ್ನಿದ್ದೆ."

ನನಗೆ ಉತ್ತರ ಬರಲಿಲ್ಲ. ಉತ್ತರ ಬರೆಯುವುದೇ ನನ್ನ ಕಸುಬು!

"ಚಾಕು ನಿನ್ನ ಕಾರಲ್ಲೇ ಬಿಟ್ಟು ಬಂದೆ," ಅಂದಳು. "ನಿನ್ನ ಪುಣ್ಯ."

ಹೋದಳು. ಅವಳ ಬಟ್ಟೆಯಿಂದ ಉದುರಿದ ಗಾಜಿನ ಪುಡಿ ನೆಲದ ಮೇಲೆ ಉಳಿಯಿತು.

ಅಷ್ಟೇ. ಬರ್ರಾದಾ ಮಂತ್ರಿಗಿರಿ ಬಿಟ್ಟರು. ಒಂಬತ್ತು ಮನೆಗೆ ಮರಣಪತ್ರ ಹೋಯಿತು, 'ಕಳ್ಳಸಾಗಣೆ' ಅನ್ನುವ ಪದದ ಮೇಲೆ ಗೀಟು ಬಿತ್ತು. ನಾನು ತನಿಖೆಯವರ ಮುಂದೆ ದಿನಾ ಕೂತು ಹನ್ನೊಂದು ಕರೆಗಳನ್ನೂ ಒಂದೊಂದಾಗಿ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ಜನ ನನ್ನನ್ನು ನೋಡಿ ಉಗುಳುತ್ತಾರೆ. ಸರಿಯಾಗಿಯೇ ಉಗುಳುತ್ತಾರೆ.

ನೀರಿನ ಸದ್ದು ನಿಂತಿತಾ ಅಂತ ಕೇಳ್ತೀರಾ? ಇಲ್ಲ.

ಈ ದೇಶದಲ್ಲಿ ನನ್ನನ್ನು ಒಳ್ಳೆಯವನು ಅಂದವನು ಒಬ್ಬನೇ. ಅವನು ಸಮುದ್ರದ ತಳದಲ್ಲಿದ್ದಾನೆ… ಅವನಿಗಿನ್ನೂ ಸುದ್ದಿ ಮುಟ್ಟಿಲ್ಲ!