ಗಾಜಿನ ತೊಟ್ಟಿಯ ಕಡಲು

ಕಡಲೇ ಇಲ್ಲದ ಬೀದರಿನಲ್ಲಿ ಇಬ್ಬರು ಅಲೆಗೆ ಸಿಕ್ಕು ಕೊಚ್ಚಿಹೋದರು ಎಂದರೆ ನಗುತ್ತೀರಿ. ನಗಿ, ನಗಿ... ಆದರೆ ಇದು ನಡೆದದ್ದೇ!

ಕಾಲೇಜಿನ ಲ್ಯಾಬಿನಲ್ಲಿ ಸಾಯಗಾಂವದ ಸಿದ್ದೇಶ್ವರಿ ಗಾಜಿನ ತೊಟ್ಟಿಯೊಳಗೆ ಹಲಗೆ ಆಡಿಸಿ ಅಲೆ ಎಬ್ಬಿಸುತ್ತಿದ್ದಳು. ಅಲೆ ಪುಟ್ಟ ಗೂಡಿಗೆ ನುಗ್ಗಿದಾಗ ಒಳಗಿನ ಗಾಳಿ ಕೊಳವೆಯಿಂದ ಚಿಮ್ಮಿ ಫ್ಯಾನ್ ತಿರುಗಬೇಕು, ದೀಪ ಹತ್ತಬೇಕು. ದೂರದ ಬಂಡೆಗಲ್ಲಿನ ದ್ವೀಪವೊಂದರಲ್ಲಿ ಹೀಗೆಯೇ ವಿದ್ಯುತ್ ಸ್ಥಾವರ ಕಟ್ಟುವ ತಂಡ ಸೇರುವುದು ಅವಳ ಕನಸು; ಅರ್ಜಿಯನ್ನೂ ಹಾಕಿದ್ದಳು. ಅವಳು ಕಡಲನ್ನು ಕಣ್ಣಾರೆ ಕಂಡವಳೇ ಅಲ್ಲ!

"ಬೇಟಿ, ನೀರ ಚೆಲ್ಲಬ್ಯಾಡ!"

ಗುರುಗಳಾದ ರಶೀದ ಅಹ್ಮದ ಸರ್ ದನಿ! ಬೆಚ್ಚಿ ತಿರುಗಿದಳು. ಅರ್ಧ ಕಡಲು ಹಿಂದೆ ನಿಂತವನ ಅಂಗಿಯ ಮೇಲೆ...

ಸರ್ ಅಲ್ಲ. ಔರಾದದ ಸುಮಿತ, ಮಿಮಿಕ್ರಿಯ ಕಿಲಾಡಿ.

"ನಿಮಗ ಬುದ್ಧಿ ಅದನೋ ಇಲ್ಲೋ?"

"ಇತ್ತುರಿ. ಈಗ ನಿಮ್ಮ ಅಲಿಯೊಳಗ ಹೋಯ್ತು."

ಅಂದಿನಿಂದ ಫ್ಯಾನಿನ ರೆಕ್ಕೆ ಮಾಡುವ ಕೆಲಸ ಅವನದಾಯಿತು. ಎಲ್ಲರ ದನಿಯಲ್ಲೂ ಮಾತಾಡಿ ಅವಳನ್ನು ನಗಿಸಿದ. ತನ್ನ ಮನಸ್ಸಿನ ಮಾತೊಂದನ್ನು ಮಾತ್ರ ಆಡಲಿಲ್ಲ!

ಒಮ್ಮೆ ಹೊಸ ನಂಬರಿನಿಂದ ಸರ್ ದನಿಯಲ್ಲಿ, "ದ್ವೀಪದವರು ಒಲ್ಲೆ ಅಂದ್ರು ಬೇಟಿ" ಎಂದುಬಿಟ್ಟ. ಅವಳು ಬಿಕ್ಕಿ ಅತ್ತಳು. ಅವನ ಚೇಷ್ಟೆಯೆಂದು ತಿಳಿದ ಮೇಲೆ ಇನ್ನೂ ಜೋರಾಗಿ ಅತ್ತು, ಅವನೊಡನೆ ಮಾತೇ ಬಿಟ್ಟಳು.

ಒಂದು ಸಂಜೆ ಅಷ್ಟೂರಿನ ಗುಮ್ಮಟದ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ಒಳಗೆ ಸುತ್ತುವ ಗಾಳಿ ಕಡಲಿನಂತೆ ಮೊರೆಯುತ್ತಿತ್ತು. ಕಣ್ಣು ಮುಚ್ಚಿದರೆ ಬಂಡೆ, ನೊರೆ... ಮತ್ತೆ ಆ ಒದ್ದೆ ಅಂಗಿಯವನು!

ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರ್.

"ಬೇಟಿ, ನಿನಗ ಆರಿಸ್ಯಾರ! ಫ್ಯಾನಿನ ರೆಕ್ಕಿ ಮಾಡ್ಲಾಕ ಇನ್ನೊಬ್ಬರು ಬೇಕಂತ. ಯಾರಿಗಿ ಕಳಿಸ್ಲಿ?"

ಮತ್ತೆ ಅವನೇ! ಸಿಟ್ಟೂ ಅಳುವೂ ಒಟ್ಟಿಗೆ ಉಕ್ಕಿದವು.

"ಸಾಕ ಮಾಡೋ ಸುಮಿತ! ಅವತ್ತ ನಾ ಜೋರ ಅತ್ತಿದ್ದು ದ್ವೀಪಕ್ಕಲ್ಲ, ಅಳಿಸಿದಾಂವ ನೀ ಅಂತ. ನೀ ಇಲ್ಲದ ಆ ಕಡಲ ತಗೊಂಡು ಏನ ಮಾಡ್ಲಿ? ಪ್ರೀತಿ ಮಾಡ್ತೇನಿ ನಿನಗ... ಕೇಳ್ತೇನು?"

ಮೆಟ್ಟಿಲ ಬಳಿ ಹೆಜ್ಜೆಯ ಸಪ್ಪಳವಾಯಿತು.

ತಲೆಯೆತ್ತಿದಳು. ಕ್ಷಮೆ ಕೇಳಲು ಬಂದ ಸುಮಿತ ಎದುರಿಗೇ ನಿಂತಿದ್ದ! ಕೈಯಲ್ಲಿ ಫೋನಿಲ್ಲ. ಬಾಯಿ ಮಾತ್ರ ತೆರೆದಿತ್ತು.

ಫೋನಿನೊಳಗೆ ಯಾರೋ ಕೆಮ್ಮಿದರು. "ಬೇಟಿ... ನಾ ಖರೇನೇ ರಶೀದ ಅಹ್ಮದ ಇದ್ದೀನಿ, ಕಾಲೇಜಿನ ಫೋನಿನಿಂದ. ಸುಮಿತಗೇ ಕಳಿಸ್ತೇನಿ. ಖುದಾ ಹಾಫಿಜ್!"

ಅಯ್ಯೋ ದೇವರೇ! ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

"ಸಿದ್ದು... ನಾನೂ... ನಿನಗ..." ಅವನ ದನಿ ಒಡೆದು ಕುರಿಮರಿಯಂತೆ ಕೀರಲಾಯಿತು.

ಬೆರಳ ಸಂದಿಯಿಂದ ನೋಡಿದಳು. "ಇದು ಯಾರ ದನಿಯೋ?"

"ನಂದೇ! ಬಳಸಿ ರೂಢಿ ಇಲ್ಲ..."

ಅವಳು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಆದರೆ ಅವಳ ನಗುವಿನ ಮುಂದೆ ಅದು ಕೇಳಿಸಲೇ ಇಲ್ಲ!